ಹತ್ತಕ್ಕೆ ಏಳೋ, ಆರೋ: 1921ರ ವಾಷಿಂಗ್ಟನ್ ನೌಕಾ ಸಮ್ಮೇಳನದಲ್ಲಿ ಜಿದ್ದು ಮತ್ತು ಸುಳ್ಳು

1921ರ ನವೆಂಬರ್ 28ರಂದು ಟೋಕಿಯೊದ ವಿದೇಶಾಂಗ ಕಚೇರಿಯಿಂದ ವಾಷಿಂಗ್ಟನ್ನಿನಲ್ಲಿದ್ದ ಜಪಾನಿ ನಿಯೋಗಕ್ಕೆ ಒಂದು ಗುಪ್ತಲಿಪಿಯ ತಂತಿ ಹೋಯಿತು. ಅದರ ಸಾರ ಇಷ್ಟು: ಬ್ರಿಟನ್ನಿನ ಜೊತೆ, ಅದರಲ್ಲೂ ಅಮೆರಿಕದ ಜೊತೆ ಮನಸ್ತಾಪ ಬೇಡ. ನಮ್ಮ ನಿಲುವು ಗೆಲ್ಲಿಸಲು ಇನ್ನಷ್ಟು ಹೆಣಗಿ. ತೀರಾ ಅನಿವಾರ್ಯವಾದರೆ ಎರಡನೇ ಪ್ರಸ್ತಾವಕ್ಕೆ ಬನ್ನಿ, ಅಂದರೆ ಹತ್ತಕ್ಕೆ ಆರೂವರೆ (ಅಮೆರಿಕದ ಯುದ್ಧನೌಕಾ ಬಲ ಹತ್ತಾದರೆ ಜಪಾನಿನದು ಆರೂವರೆ). ಅದೂ ನಡೆಯದಿದ್ದರೆ ಮೂರನೆಯದು, ಹತ್ತಕ್ಕೆ ಆರು. ಆದರೆ ಪೆಸಿಫಿಕ್ ದ್ವೀಪಗಳ ರಕ್ಷಣಾ ವ್ಯವಸ್ಥೆ ಈಗ ಇದ್ದಷ್ಟೇ ಇರಬೇಕೆಂಬ ಖಾತರಿ ಪಡೆದೇ ಒಪ್ಪಿಕೊಳ್ಳಿ. ನಾಲ್ಕನೆಯದನ್ನು ಆದಷ್ಟು ತಪ್ಪಿಸಿ.

ಅದೇ ದಿನಗಳಲ್ಲಿ ಸಮ್ಮೇಳನದ ತಜ್ಞರ ಸಮಿತಿಯಲ್ಲಿ ಜಪಾನಿನ ನೌಕಾ ಸಲಹೆಗಾರ ವೈಸ್ ಅಡ್ಮಿರಲ್ ಕಾತೊ ಕಾಂಜಿ ಮೇಜು ಬಿಡದೆ ಒಂದೇ ಮಾತು ಹೇಳುತ್ತಿದ್ದ: ಹತ್ತಕ್ಕೆ ಏಳು, ಅದಕ್ಕಿಂತ ಒಂದು ಗುಲಗಂಜಿಯೂ ಕಡಿಮೆ ಇಲ್ಲ.

ತಂತಿ ನಿಯೋಗಕ್ಕೆ ಮುಟ್ಟಿದ ಕೆಲವೇ ದಿನಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್‌ನ ಮೇಜಿನ ಮೇಲೂ ಅದರ ಇಂಗ್ಲಿಷ್ ಪ್ರತಿ ಬಂದು ಕೂತಿತು. ಚೌಕಾಸಿಯ ಇತಿಹಾಸದಲ್ಲಿ ಎದುರಾಳಿಯ ಕೊನೇ ಮಾತು ಇಷ್ಟು ಸ್ಪಷ್ಟವಾಗಿ ಕೈಗೆ ಸಿಕ್ಕ ಉದಾಹರಣೆ ಕಡಿಮೆ. ಹಾಗಾಗಿ ಈ ಪ್ರಕರಣವನ್ನು ಬೇಹುಗಾರಿಕೆಯ ರೋಚಕ ಕಥೆಯಾಗಿ ಹೇಳುವುದೇ ರೂಢಿ. ಆದರೆ ಇಲ್ಲಿ ನೋಡಬೇಕಾದ್ದು ಬೇರೆ ಇದೆ. ಒಂದೇ ಸಮ್ಮೇಳನ, ಅದೇ ಜನ. ಕೆಲವು ವಿಷಯಗಳಲ್ಲಿ ಪದರ ಪದರವಾಗಿ ಸುಳ್ಳು, ಕೆಲವು ವಿಷಯಗಳಲ್ಲಿ ನೇರ ವ್ಯವಹಾರ. ಈ ವ್ಯತ್ಯಾಸ ಜನರ ಗುಣದಿಂದ ಬಂದದ್ದಲ್ಲ. ವಿಷಯವನ್ನು ‘ಯಾರು ಮುಂದೆ’ ಎಂಬ ಪಂದ್ಯವಾಗಿ ಇಟ್ಟಲ್ಲೆಲ್ಲ ಸುಳ್ಳು ಹುಟ್ಟಿದೆ. ‘ಯಾರಿಗೆ ಏನು ಬೇಕು’ ಎಂದು ಇಟ್ಟಲ್ಲಿ ಅದಕ್ಕೆ ಗಿರಾಕಿ ಇಲ್ಲದಂತಾಗಿದೆ.

ಹಿನ್ನೆಲೆ

ಮೊದಲ ಮಹಾಯುದ್ಧ ಮುಗಿದರೂ ಹಡಗು ಕಟ್ಟುವ ಪೈಪೋಟಿ ಮುಗಿದಿರಲಿಲ್ಲ. ಅಮೆರಿಕ 1916ರ ಕಾಯಿದೆಯ ಪ್ರಕಾರ ಹತ್ತು ಬ್ಯಾಟಲ್‌ಶಿಪ್ (ದಪ್ಪ ಕವಚದ ಭಾರಿ ಯುದ್ಧನೌಕೆ), ಆರು ಬ್ಯಾಟಲ್‌ಕ್ರೂಸರ್ (ಅಷ್ಟೇ ದೊಡ್ಡದು, ಕವಚ ಕಡಿಮೆ, ವೇಗ ಹೆಚ್ಚು) ಕಟ್ಟಲು ಹೊರಟಿತ್ತು. ಜಪಾನಿನದು ‘ಎಂಟು-ಎಂಟು’ ಯೋಜನೆ: ಎರಡೂ ಬಗೆಯವು ಎಂಟೆಂಟು. 1921ರಲ್ಲಿ ಜಪಾನಿನ ಬಜೆಟ್ಟಿನ ಮೂರನೇ ಒಂದು ಪಾಲಿನ ಹತ್ತಿರ ಹತ್ತಿರ ನೌಕಾಪಡೆಯೇ ನುಂಗುತ್ತಿತ್ತು. ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಅಂದರೆ ಓಟ ನಿಲ್ಲಿಸಿದರೆ ಮೂವರಿಗೂ ಲಾಭ. ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದಿನ ಜಗಳವನ್ನಷ್ಟೇ ನೋಡಿದವರಿಗೆ ಈ ಮೂವರೂ ಒಂದೇ ದೋಣಿಯಲ್ಲಿದ್ದರು ಎಂಬುದು ಮರೆತೇ ಹೋಗುತ್ತದೆ.

ನವೆಂಬರ್ 12ರಂದು ಸಮ್ಮೇಳನ ಶುರುವಾಯಿತು. ಸ್ವಾಗತ ಭಾಷಣ ನಿರೀಕ್ಷಿಸಿ ಕೂತವರ ಮುಂದೆ ಹ್ಯೂಸ್ ಹಡಗುಗಳ ಹೆಸರು ಓದತೊಡಗಿದ. ಅಮೆರಿಕ ಕಟ್ಟುತ್ತಿರುವ 15 ಹಡಗು, 6,18,000 ಟನ್. ಹಳೆಯವು 15, 2,27,740 ಟನ್. ಒಟ್ಟು 30 ಹಡಗು, 8,45,740 ಟನ್ ಗುಜರಿಗೆ. ಆಮೇಲೆ ಬ್ರಿಟನ್ನಿನ ಪಟ್ಟಿ, ಜಪಾನಿನ ಪಟ್ಟಿ. ಮೂರೂ ಸೇರಿ 66 ಹಡಗು, 18,78,043 ಟನ್. ಹತ್ತು ವರ್ಷ ಹೊಸ ಭಾರಿ ಯುದ್ಧನೌಕೆ ಕಟ್ಟುವಂತಿಲ್ಲ. ಇನ್ನು ಮುಂದೆ ಅಮೆರಿಕ, ಬ್ರಿಟನ್, ಜಪಾನುಗಳ ಬಲ 5:5:3, ಅಂದರೆ ಜಪಾನಿಗೆ ಹತ್ತಕ್ಕೆ ಆರು.

ಆಮಂತ್ರಿತರ ಹಡಗುಗಳನ್ನು ಆತಿಥೇಯನೇ ಹೆಸರು ಹಿಡಿದು ಮುಳುಗಿಸುವುದು ರಾಜತಾಂತ್ರಿಕ ಮರ್ಯಾದೆಯಲ್ಲ. ಅಂಕಿಗಳು ಕೊನೆಯ ಗಳಿಗೆಯ ತನಕ ಬೆರಳೆಣಿಕೆಯ ಜನರಿಗಷ್ಟೇ ಗೊತ್ತಿದ್ದವು. ಅಮೆರಿಕದ ಅಡ್ಮಿರಲ್‌ಗಳ ಜನರಲ್ ಬೋರ್ಡ್ ಇನ್ನೂ ದೊಡ್ಡ ಪಡೆ ಬೇಕೆಂದು ಪಟ್ಟಿ ಕೊಟ್ಟಿತ್ತು. ಹ್ಯೂಸ್ ಅದನ್ನು ಬದಿಗಿಟ್ಟು ‘ಈಗ ಇರುವಲ್ಲೇ ನಿಲ್ಲೋಣ’ ಎಂಬ ಲೆಕ್ಕ ಮಾಡಿಸಿದ್ದ. ಮುಚ್ಚಿಟ್ಟದ್ದು ಹೌದು, ಆದರೆ ಇದು ಸುಳ್ಳಲ್ಲ. ಚೌಕಾಸಿಯಲ್ಲಿ ಈ ಗೆರೆ ಎಳೆಯುವುದು ಅಗತ್ಯ: ಹೇಳದೆ ಇರುವುದು ಒಂದು, ಇಲ್ಲದ್ದನ್ನು ಇದೆ ಎನ್ನುವುದು ಇನ್ನೊಂದು. ಜಿದ್ದು ಏರಿದಷ್ಟೂ ಜನ ಮೊದಲನೆಯದರಿಂದ ಎರಡನೆಯದಕ್ಕೆ ತಮಗೇ ಗೊತ್ತಾಗದಂತೆ ಜಾರುತ್ತಾರೆ.

ಅನುಪಾತ ಎಂಬ ಹಗ್ಗಜಗ್ಗಾಟ

ಟನ್ನುಗಳ ಲೆಕ್ಕದಲ್ಲಿ ಎಲ್ಲರೂ ಇಳಿಸಿದರೆ ಎಲ್ಲರ ಖರ್ಚೂ ಉಳಿಯುತ್ತದೆ. ಅನುಪಾತಕ್ಕೆ ಆ ಗುಣ ಇಲ್ಲ. ಜಪಾನಿಗೆ ಅರ್ಧ ಅಂಕ ಹೆಚ್ಚು ಸಿಕ್ಕರೆ ಅದು ಅಮೆರಿಕದಿಂದ ಕಿತ್ತುಕೊಂಡ ಅರ್ಧ ಅಂಕವೇ. ಹ್ಯೂಸ್ ಒಪ್ಪಂದದ ಬೆನ್ನೆಲುಬಾಗಿ ಅನುಪಾತವನ್ನು ಆರಿಸಿಕೊಂಡಾಗ ಲೆಕ್ಕ ಸರಳವಾಯಿತು, ಮಾತುಕತೆ ಕುಸ್ತಿಯಾಯಿತು.

ಏಳಕ್ಕೂ ಆರಕ್ಕೂ ಅಷ್ಟೊಂದು ಜಗಳ ಯಾಕೆ? ಜಪಾನಿ ನೌಕಾ ಚಿಂತಕರು ಹಲವು ವರ್ಷಗಳಿಂದ ಒಂದು ಸೂತ್ರ ಹಿಡಿದಿದ್ದರು: ಸಾವಿರಾರು ಮೈಲಿ ಸಾಗಿ ಬಂದು ಹೊಡೆಯುವವನಿಗೆ, ಮನೆಬಾಗಿಲಲ್ಲಿ ಕಾದು ಕೂತವನಿಗಿಂತ ಒಂದೂವರೆ ಪಟ್ಟು ಬಲ ಬೇಕು. ಹತ್ತನ್ನು ಏಳರಿಂದ ಭಾಗಿಸಿದರೆ 1.43, ಒಂದೂವರೆಗಿಂತ ಕೊಂಚ ಕೆಳಗೆ. ಆರರಿಂದ ಭಾಗಿಸಿದರೆ 1.67, ಮೇಲೆ. ಕಾಗದದ ಮೇಲಿನ ಈ ಲೆಕ್ಕದ ಪ್ರಕಾರ ಏಳಾದರೆ ಜಪಾನಿಗೆ ಉಳಿಗಾಲ, ಆರಾದರೆ ಇಲ್ಲ. ಇನ್ನೊಂದು ಗಮ್ಮತ್ತು: ಆರೂವರೆಯಿಂದ ಭಾಗಿಸಿದರೆ 1.54. ಸೂತ್ರವನ್ನೇ ನಂಬಿದವನಿಗೆ ಆರೂವರೆಯೂ ಸೋಲೇ. ಆದರೂ ಟೋಕಿಯೊ ಅದನ್ನು ಎರಡನೇ ಮೆಟ್ಟಿಲಾಗಿ ಬರೆಯಿತೆಂದರೆ, ಏಳು ಎಂಬುದು ರಕ್ಷಣೆಯ ಕಟ್ಟಕಡೆಯ ಗೆರೆ ಅಂತ ಅಲ್ಲಿನ ಸರ್ಕಾರವೇ ಪೂರ್ತಿ ನಂಬಿರಲಿಲ್ಲ. ಜೊತೆಗೆ ಮಾನದ ಪ್ರಶ್ನೆಯೂ ಇತ್ತು. ಸಮಾನ ಶಕ್ತಿ ಎನಿಸಿಕೊಳ್ಳಲು ಬಂದವರ ಹಣೆಗೆ ‘ಮೂರು’ ಎಂದು ಬರೆದಂತಾಗಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾತೊ ಕಾಂಜಿ ‘ಏಳಕ್ಕಿಂತ ಕಡಿಮೆ ಆಗದು’ ಎಂದಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಮನಸಾರೆ ನಂಬಿ ಹೇಳುತ್ತಿದ್ದ. ಅದೇ ಮಾತನ್ನು ನಿಯೋಗದ ಮುಖ್ಯಸ್ಥ, ನೌಕಾ ಮಂತ್ರಿ ಕಾತೊ ತೊಮೊಸಬುರೊ ಆಡಿದರೆ ಅದು ಸುಳ್ಳು, ಯಾಕೆಂದರೆ ನಾಲ್ಕು ಮೆಟ್ಟಿಲಿನ ಪಟ್ಟಿ ಇದ್ದದ್ದು ಅವನ ಜೇಬಿನಲ್ಲಿ. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ, ಮನೋಧರ್ಮದಲ್ಲೂ ಉತ್ತರ ದಕ್ಷಿಣ. ತಂಡವಾಗಿ ಚೌಕಾಸಿಗೆ ಕೂತಾಗ ನಂಬಿದವನನ್ನು ಮುಂದೆ ಬಿಟ್ಟು ಗೊತ್ತಿದ್ದವನು ಸುಮ್ಮನಿದ್ದರೆ, ಯಾರೂ ಸುಳ್ಳಾಡದೆ ಸುಳ್ಳಿನ ಕೆಲಸ ನಡೆದುಹೋಗುತ್ತದೆ. ಎದುರಿನವರು ಮುಖ ನೋಡಿ ನಿಜ ಸುಳ್ಳು ಅಳೆಯಲು ಹೋದರೆ ಇಲ್ಲಿ ಮೋಸ ಹೋಗುವುದು ಖಂಡಿತ. ಆದರೆ ಇದರ ಬೆಲೆಯೂ ಇದೆ. ಮುಂದೆ ಬಿಟ್ಟವನು ಕೊನೆಗೆ ಹಿಂದೆ ಸರಿಯಲು ಒಪ್ಪುವುದಿಲ್ಲ. ಒಪ್ಪಂದವನ್ನು ದ್ರೋಹ ಎಂದೇ ಕರೆಯುತ್ತಾನೆ. ಜಪಾನಿನಲ್ಲಿ ಆದದ್ದೂ ಅದೇ.

ಮುತ್ಸು ಮುಗಿದಿತ್ತೇ?

ಅತಿ ರಗಳೆಯ ವಿವಾದ ಒಂದೇ ಹಡಗಿನದು. 16 ಅಂಗುಲದ ಎಂಟು ತೋಪುಗಳ, 33,800 ಟನ್ನಿನ ‘ಮುತ್ಸು’ ಹ್ಯೂಸ್‌ನ ಗುಜರಿ ಪಟ್ಟಿಯಲ್ಲಿತ್ತು, ಇನ್ನೂ ಕಟ್ಟಿ ಮುಗಿದಿಲ್ಲ ಎಂಬ ಆಧಾರದ ಮೇಲೆ. ಮುಗಿದಿದೆ, ಅಕ್ಟೋಬರ್ 24ರಂದೇ ಸೇವೆಗೆ ಸೇರಿದೆ ಎಂದಿತು ಜಪಾನು. ಅಂದರೆ ಸಮ್ಮೇಳನಕ್ಕೆ 19 ದಿನ ಮೊದಲು. ಆ ತಾರೀಖೇ ಅಮೆರಿಕನ್ನರಿಗೂ ಬ್ರಿಟಿಷರಿಗೂ ಗುಮಾನಿ ಹುಟ್ಟಿಸಿತು. ಶಾಲಾಮಕ್ಕಳು ಕೂಡ ಕಾಸು ಕೊಟ್ಟು ಕಟ್ಟಿಸಿದ ಹಡಗು, ಅದನ್ನು ಮುರಿದರೆ ಊರಿಗೆ ಮುಖ ತೋರಿಸಲಾಗದು ಎಂಬ ವಾದವೂ ಸೇರಿಕೊಂಡಿತು.

‘ಮುಗಿದಿದೆ’ ಎಂಬ ಪದಕ್ಕೆ ಅಳತೆಗೋಲು ಇರಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಬಾವುಟ ಏರಿಸಿ ನಾವಿಕರನ್ನು ಹತ್ತಿಸಿದರೆ ಮುಗಿದಂತೆಯೇ? ಕೊನೆಯ ಬೋಲ್ಟು ಬಿಗಿದಾಗಲೇ? ಗೆಲ್ಲಲೇಬೇಕೆಂದು ಕೂತವನು ಹಸಿ ಸುಳ್ಳಿಗೆ ಕೈಹಾಕುವುದು ಅಪರೂಪ. ಇಂಥ ಸಡಿಲ ಪದವನ್ನು ಹುಡುಕಿ ಅದರೊಳಗೆ ಹೊಕ್ಕು ಕೂರುತ್ತಾನೆ. ಮೂಲ ಪ್ರಸ್ತಾವದ ಲೆಕ್ಕದಲ್ಲೂ ಇದೇ ಜಗ್ಗಾಟ. ಕಟ್ಟುತ್ತಿರುವ ಹಡಗುಗಳನ್ನು ಎಷ್ಟು ಮುಗಿದಿವೆಯೋ ಅಷ್ಟು ಪಾಲು ಬಲವೆಂದು ಎಣಿಸಿ ಅಮೆರಿಕ ಆರಕ್ಕೆ ಬಂದಿತ್ತು. ನೀರಿನ ಮೇಲೆ ಸಿದ್ಧವಾಗಿ ನಿಂತವನ್ನಷ್ಟೇ ಎಣಿಸಿ ಎಂದ ಕಾತೊ ಕಾಂಜಿ, ಹಾಗೆ ಎಣಿಸಿದರೆ ಜಪಾನು ಏಳರ ಹತ್ತಿರ ನಿಲ್ಲುತ್ತಿತ್ತು. ಎರಡೂ ಕಡೆಯವರು ತಮ್ಮ ಲೆಕ್ಕವೇ ವಸ್ತುಸ್ಥಿತಿ ಎಂದು ಪ್ರಮಾಣ ಮಾಡಿದರು. ತಜ್ಞರ ಸಮಿತಿ ಅಲ್ಲೇ ಹೂತುಕೊಂಡಿತು.

ಹ್ಯೂಸ್ ಇದನ್ನು ಬಿಡಿಸಿದ ರೀತಿ ಗಮನಿಸಬೇಕು. ಹಡಗು ಮುಗಿದಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಗೋಜಿಗೇ ಅವನು ಹೋಗಲಿಲ್ಲ. ಜಪಾನು ಮುತ್ಸು ಇಟ್ಟುಕೊಂಡು ಹಳೆಯ ‘ಸೆತ್ಸು’ವನ್ನು ಬಿಡಲಿ, ಬದಲಿಗೆ ಅಮೆರಿಕ ‘ಕೊಲರಾಡೊ’, ‘ವೆಸ್ಟ್ ವರ್ಜೀನಿಯಾ’ಗಳನ್ನು ಮುಗಿಸಿ ಎರಡು ಹಳೆಯವನ್ನು ಒಡೆಯಲಿ, ಬ್ರಿಟನ್ 35,000 ಟನ್ನಿನ ಎರಡು ಹೊಸದನ್ನು ಕಟ್ಟಲಿ (ಇವೇ ಮುಂದೆ ‘ನೆಲ್ಸನ್’, ‘ರಾಡ್ನಿ’). ಅಮೆರಿಕ, ಬ್ರಿಟನ್ನುಗಳ ಮಿತಿ 5 ಲಕ್ಷ ಟನ್ನಿದ್ದದ್ದು 5,25,000 ಆಯಿತು. ಜಪಾನಿನದು 3 ಲಕ್ಷದಿಂದ 3,15,000. ತಲಾ 35,000 ಟನ್ನಿನ 15, 15, 9 ಹಡಗು ಎಂದು ಓದಿದರೆ ಲೆಕ್ಕ ನೆಟ್ಟಗೆ ಕೂರುತ್ತದೆ. ಒಂದು ಪದದ ಜಗಳ ಮೂವರ ಮಿತಿಯನ್ನೂ ನೂರಕ್ಕೆ ಐದರಂತೆ ಏರಿಸಿತು. ಅನುಪಾತ ಮಾತ್ರ ಅಲುಗಲಿಲ್ಲ. ದುಬಾರಿಯೇ, ಆದರೆ ಸಮ್ಮೇಳನ ಮುರಿದುಬೀಳುವುದಕ್ಕಿಂತ ಅಗ್ಗ.

ಎದುರಾಳಿಯ ಎಲೆ ಕಂಡಾಗ

ಈಗ ತಂತಿಯ ಕಡೆ. ಬೇರೆ ದೇಶಗಳ ಗುಪ್ತಲಿಪಿ ಒಡೆಯುವ ಹರ್ಬರ್ಟ್ ಯಾರ್ಡ್ಲಿಯ ಗುಪ್ತ ಕಚೇರಿ ನ್ಯೂಯಾರ್ಕಿನಲ್ಲಿತ್ತು. ಖರ್ಚು ವಿದೇಶಾಂಗ ಮತ್ತು ಯುದ್ಧ ಇಲಾಖೆಗಳದ್ದು. ತಂತಿ ಕಂಪನಿಗಳಿಂದ ಪ್ರತಿಗಳು ಗುಟ್ಟಾಗಿ ಬರುತ್ತಿದ್ದವು. ಜಪಾನಿ ಲಿಪಿಯ ಗಂಟು ಬಿಚ್ಚಿ ಆಗಲೇ ಎರಡು ವರ್ಷದ ಹತ್ತಿರವಾಗಿತ್ತು. ಬಿಡಿಸಿದ ಪಠ್ಯವನ್ನು ದಿನಾ ಒಬ್ಬ ಹರಿಕಾರ ರೈಲಿನಲ್ಲಿ ವಾಷಿಂಗ್ಟನ್ನಿಗೆ ಒಯ್ಯುತ್ತಿದ್ದ.

ಇದರಿಂದ ಹ್ಯೂಸ್‌ಗೆ ಸಿಕ್ಕಿದ್ದೇನು? ಆರಕ್ಕೆ ಇಳಿಸುವ ಉಪಾಯವಂತೂ ಅಲ್ಲ. ಅವನು ಮೊದಲ ದಿನವೇ ಆರು ಎಂದಿದ್ದ. ಸಿಕ್ಕಿದ್ದು ಕಾಯುವ ಧೈರ್ಯ. ಎದುರಿನವನು ಎದ್ದು ಹೋಗುತ್ತಾನೋ ಎಂಬ ಭಯ ಇದ್ದಿದ್ದರೆ ಡಿಸೆಂಬರ್ ಮೊದಲ ವಾರದಲ್ಲಿ ಆರೂವರೆಗೆ ಕೈಕುಲುಕಿ ಮುಗಿಸಿಬಿಡುವ ಆಸೆ ಯಾರಿಗಾದರೂ ಬರುತ್ತಿತ್ತು. ಯಾರ್ಡ್ಲಿ ಮುಂದೆ ತನ್ನ ಕಚೇರಿಯೇ ಸಮ್ಮೇಳನ ಗೆದ್ದುಕೊಟ್ಟಿತೆಂಬಂತೆ ಬರೆದ. ಅದು ಉತ್ಪ್ರೇಕ್ಷೆ ಎನ್ನಲು ಕಾರಣವಿದೆ. ಕಾತೊ ತೊಮೊಸಬುರೊ ಡಿಸೆಂಬರ್ 1ರ ಸುಮಾರಿಗೆ ಬ್ರಿಟಿಷ್ ಪ್ರತಿನಿಧಿ ಬಾಲ್ಫರ್‌ನ ಬಳಿ ದ್ವೀಪಗಳ ಕೋಟೆಯ ವಿಷಯವನ್ನು ತಾನೇ ಎತ್ತಿದ್ದ. ಕದ್ದು ಓದದಿದ್ದರೂ ಕೊನೆಯ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು.

ಯಾಕೆ ಬಂತು? ಹ್ಯೂಸ್, ಬಾಲ್ಫರ್, ಕಾತೊ ಮೂವರೇ ಬಾಗಿಲು ಹಾಕಿಕೊಂಡು ಕೂತಾಗ ಪ್ರಶ್ನೆಯೇ ಬದಲಾಯಿತು. ಏಳು ಯಾಕೆ ಬೇಕು? ಅಮೆರಿಕದ ಪಡೆ ಜಪಾನಿನ ಬಾಗಿಲಿಗೆ ಬರಬಾರದು ಎಂದು. ಬರಬೇಕಾದರೆ ಅದಕ್ಕೆ ಗುವಾಮ್‌ನಲ್ಲೋ ಫಿಲಿಪೀನ್ಸ್‌ನಲ್ಲೋ ರಿಪೇರಿ, ಕಲ್ಲಿದ್ದಲು, ಎಣ್ಣೆಯ ನೆಲೆ ಬೇಕು. ಆ ನೆಲೆಯೇ ಇಲ್ಲದಿದ್ದರೆ ಆರರಲ್ಲೂ ಏಳರ ನೆಮ್ಮದಿ. ಡಿಸೆಂಬರ್ 10ರಂದು ಟೋಕಿಯೊ ಒಪ್ಪಿತು, 12ರಂದು ಕಾತೊ ತಿಳಿಸಿದ, 15ಕ್ಕೆ ಪ್ರಕಟಣೆ. ಒಪ್ಪಂದದ 19ನೇ ವಿಧಿಯಾಗಿ ಅದು ಅಚ್ಚಾಯಿತು.

ಈ 19ನೇ ವಿಧಿಯಲ್ಲೂ ಕೈಚಳಕ ಇಲ್ಲದಿಲ್ಲ. ಬ್ರಿಟನ್ನಿನ ಮಟ್ಟಿಗೆ ನಿರ್ಬಂಧ ಹಾಂಗ್‌ಕಾಂಗಿಗೆ ಮತ್ತು 110 ಡಿಗ್ರಿ ಪೂರ್ವ ರೇಖಾಂಶದ ಆಚೆಗಿನ ದ್ವೀಪಗಳಿಗೆ. ಸಿಂಗಪುರ ಇರುವುದು ಸುಮಾರು 104 ಡಿಗ್ರಿಯಲ್ಲಿ. ಅಲ್ಲಿ ದೊಡ್ಡ ನೌಕಾ ನೆಲೆ ಕಟ್ಟಲು ಲಂಡನ್ ಅದೇ ವರ್ಷದ ಜೂನ್‌ನಲ್ಲಿ ತೀರ್ಮಾನಿಸಿತ್ತು. ಗೆರೆ ಎಲ್ಲರ ಕಣ್ಣೆದುರೇ ಎಳೆದದ್ದು, ಯಾರೂ ಸುಳ್ಳಾಡಲಿಲ್ಲ. ನಕ್ಷೆ ಬಿಚ್ಚಿ ನೋಡುವುದು ಎದುರಿನವನ ಜವಾಬ್ದಾರಿ. (ಬ್ರಿಟಿಷ್ ಸಾಮ್ರಾಜ್ಯದ ನಿಯೋಗದಲ್ಲಿ ಭಾರತದ ಪರವಾಗಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳಿದ್ದರು, ಒಂದೂ ಭಾರಿ ಯುದ್ಧನೌಕೆ ಇಲ್ಲದ ದೇಶದ ಸಹಿಯೂ ಈ ಒಪ್ಪಂದಕ್ಕೆ ಬಿತ್ತು.)

ಬಿಟ್ಟುಕೊಟ್ಟದ್ದರ ನಿಜವಾದ ಬೆಲೆ

ಅಮೆರಿಕ ಇಲ್ಲಿ ಕೊಟ್ಟದ್ದೆಷ್ಟು? ಗುವಾಮ್, ಫಿಲಿಪೀನ್ಸ್‌ಗಳನ್ನು ಕೋಟೆ ಮಾಡಲು ಅಮೆರಿಕನ್ ಸಂಸತ್ತು ಹಣ ಮಂಜೂರು ಮಾಡುವ ಲಕ್ಷಣವೇ ಇರಲಿಲ್ಲ. ಒಪ್ಪಂದ ಸತ್ತು, 1939ರಲ್ಲಿ ಯುದ್ಧದ ಕಾರ್ಮೋಡ ಕವಿದಾಗಲೂ ಗುವಾಮ್ ಬಂದರಿನ ಸಣ್ಣ ಮೊತ್ತವನ್ನು ಅದು ತಳ್ಳಿಹಾಕಿತು. ಹಡಗುಗಳದ್ದೂ ಅದೇ ಕಥೆ. ಗುಜರಿಗೆ ಎಂದು ಹ್ಯೂಸ್ ಓದಿದ ಹೊಸ ಹಡಗುಗಳ ಮೇಲೆ ಆಗಲೇ 33 ಕೋಟಿ ಡಾಲರ್ ಸುರಿದಿತ್ತು ನಿಜ. ಆದರೆ ಖರ್ಚು ಇಳಿಸಿ ಎಂದು ಸೆನೆಟರ್ ವಿಲಿಯಂ ಬೋರಾ 1920ರ ಡಿಸೆಂಬರಿನಿಂದಲೇ ಗದ್ದಲ ಎಬ್ಬಿಸಿದ್ದ, ಉಳಿದ ಹಣ ಬರುವ ಭರವಸೆ ಇರಲಿಲ್ಲ.

ಚೌಕಾಸಿಯ ಬಗ್ಗೆ ನಡೆದ ಪ್ರಯೋಗಗಳಲ್ಲಿ ಗುರುತಿಸಿದ ಒಂದು ತಂತ್ರ ಇದಕ್ಕೆ ತೀರ ಹತ್ತಿರ. ಎರಡೂ ಕಡೆಗೆ ಒಂದೇ ಫಲ ಬೇಕಾಗಿರುವ ವಿಷಯದಲ್ಲಿ ತನಗದು ಬೇಡವೆಂದು ನಟಿಸುವುದು, ಕೊನೆಗೆ ಮುಖ ಸಣ್ಣದು ಮಾಡಿಕೊಂಡು ‘ನಿಮಗಾಗಿ ಬಿಟ್ಟುಕೊಟ್ಟೆ’ ಎಂದು ಬದಲಿಗೆ ಇನ್ನೊಂದನ್ನು ಕಿತ್ತುಕೊಳ್ಳುವುದು. ಹ್ಯೂಸ್ ನಟಿಸಿದನೆಂದು ಹೇಳಲಾಗದು. ಕಟ್ಟಲು ಮನಸ್ಸಿಲ್ಲದ ಕೋಟೆಯನ್ನು ಕಟ್ಟದಿರುವ ಮಾತಿಗೆ ಒಂದು ಅಂಕದ ಬೆಲೆ ಪಡೆದದ್ದಂತೂ ಸತ್ಯ. ಇದನ್ನು ಪತ್ತೆಹಚ್ಚಲು ಗುಪ್ತಲಿಪಿ ಒಡೆಯಬೇಕಿರಲಿಲ್ಲ. ವಾಷಿಂಗ್ಟನ್ನಿನ ದಿನಪತ್ರಿಕೆ ಓದಿದ್ದರೆ ಸಾಕಿತ್ತು. ಜಪಾನಿನ ಸೇನಾ ತಜ್ಞರು ಅನುಪಾತದ ಜಿದ್ದಿಗೆ ಬಿದ್ದು ಟನ್ನು ಎಣಿಸುತ್ತ ಕೂತರು, ಎದುರಿನವನ ಖಜಾನೆ ನೋಡಲಿಲ್ಲ. ಜಿದ್ದು ಸುಳ್ಳಾಡಿಸುವುದಷ್ಟೇ ಅಲ್ಲ, ಎದುರಿನವನ ಟೊಳ್ಳನ್ನೂ ಕಾಣಗೊಡುವುದಿಲ್ಲ.

ಕಾತೊ ತೊಮೊಸಬುರೊ ಕಂಡಿದ್ದ. ಡಿಸೆಂಬರ್ 27ರಂದು ಟೋಕಿಯೊದ ಉಪಮಂತ್ರಿಗೆ ಅವನು ಬರೆಸಿದ ಟಿಪ್ಪಣಿಯ ತಾತ್ಪರ್ಯ: ದೇಶದ ರಕ್ಷಣೆ ಬರೀ ಸೈನಿಕರ ಗುತ್ತಿಗೆಯಲ್ಲ; ಹಣವಿಲ್ಲದೆ ಯುದ್ಧವಿಲ್ಲ; ನಮಗೆ ಸಾಲ ಕೊಡಬಲ್ಲ ದೇಶ ಅಮೆರಿಕವೊಂದೇ; ಆದ್ದರಿಂದ ಅಮೆರಿಕದೊಂದಿಗೆ ಯುದ್ಧ ಆಗದ ಮಾತು. ಜಪಾನು ರಷ್ಯದ ನೌಕಾಪಡೆಯನ್ನು ಸೋಲಿಸಿದ 1905ರ ತ್ಸುಶಿಮಾ ಕದನದಲ್ಲಿ ಅಡ್ಮಿರಲ್ ತೋಗೊನ ಪಕ್ಕದಲ್ಲಿ ನಿಂತಿದ್ದವನು ಇದನ್ನು ಹೇಳಿದ್ದರಿಂದಲೇ ಅದಕ್ಕೆ ತೂಕ.

ಫ್ರಾನ್ಸಿನದು ಚಿಕ್ಕ ಕಥೆ. ತನ್ನ ಭಾರಿ ಹಡಗುಗಳಿಗೆ 1,75,000 ಟನ್ ಮಿತಿ ಎಂದರೆ ಅವಮಾನವೆಂದು ಸರಿಯಾಗಿ ಅದರ ಎರಡು ಪಟ್ಟು, 3,50,000 ಕೇಳಿತು. ಹ್ಯೂಸ್ ತಜ್ಞರನ್ನು ಬಿಟ್ಟು ಪ್ರಧಾನಿ ಬ್ರಿಯಾಂಡ್‌ಗೇ ತಂತಿ ಕಳಿಸಿದ. ಭಾರಿ ಹಡಗಿಗೆ ಒಪ್ಪಿದ ಬ್ರಿಯಾಂಡ್ ಸಬ್‌ಮರೀನು ಮತ್ತು ಸಣ್ಣ ಹಡಗುಗಳ ಒಟ್ಟು ಮಿತಿಗೆ ಒಪ್ಪಲಿಲ್ಲ. 10,000 ಟನ್, 8 ಅಂಗುಲ ತೋಪು ಎಂಬ ಬಿಡಿ ಮಿತಿಯಷ್ಟೇ ಕ್ರೂಸರುಗಳಿಗೆ (ಮಧ್ಯಮ ಗಾತ್ರದ ಯುದ್ಧನೌಕೆಗಳಿಗೆ) ಉಳಿಯಿತು. ಎಷ್ಟು ಕಟ್ಟಬಹುದು ಎಂಬುದು ಖಾಲಿ.

ತೂತು ಇದ್ದಲ್ಲಿ

1922ರ ಫೆಬ್ರುವರಿ 6ರಂದು ಸಹಿಯಾದ ಒಪ್ಪಂದದಲ್ಲಿ ‘ಸ್ಟ್ಯಾಂಡರ್ಡ್’ ತೂಕಕ್ಕೆ ಕರಾರುವಾಕ್ಕಾದ ವ್ಯಾಖ್ಯೆ ಇತ್ತು: ಸಮುದ್ರಕ್ಕಿಳಿಯಲು ಸಿದ್ಧವಾದ ಹಡಗು, ಆದರೆ ಇಂಧನ ಮತ್ತು ಬಾಯ್ಲರಿನ ಹೆಚ್ಚುವರಿ ನೀರು ಬಿಟ್ಟು. ಮುತ್ಸುವಿನ ಪಾಠ ಕಲಿತಂತೆ ಕಾಣುತ್ತದೆ. ಇಲ್ಲದ್ದು ತಪಾಸಣೆ. ಇನ್ನೊಬ್ಬರ ಹಡಗುಕಟ್ಟೆಗೆ ಹೋಗಿ ಅಳೆಯುವ ಹಕ್ಕು ಯಾರಿಗೂ ಇರಲಿಲ್ಲ. ಅವರವರು ಹೇಳಿದ್ದೇ ತೂಕ. ಪೈಪೋಟಿ ಕ್ರೂಸರುಗಳಿಗೆ ದಾಟಿಕೊಂಡಾಗ ಸುಳ್ಳೂ ಅದರ ಹಿಂದೆಯೇ ಹೋಯಿತು.

ಊರಿನ ಕಡೆಯೂ ಗಾಳಿ ಬದಲಾಗಿತ್ತು. ಪ್ರಧಾನಿಯಾಗಿದ್ದ ತೊಮೊಸಬುರೊ 1923ರ ಆಗಸ್ಟಿನಲ್ಲಿ ತೀರಿಕೊಂಡ. ಕಾಂಜಿಯ ಬಣ ನೌಕಾಪಡೆಯಲ್ಲಿ ಬಲಿಯಿತು. 1929ರಲ್ಲಿ ಹೊಸ ವಿದೇಶಾಂಗ ಕಾರ್ಯದರ್ಶಿ ಸ್ಟಿಮ್ಸನ್ ಯಾರ್ಡ್ಲಿಯ ಕಚೇರಿಯನ್ನು ಮುಚ್ಚಿಸಿದ. ಕೆಲಸ ಕಳೆದುಕೊಂಡ ಯಾರ್ಡ್ಲಿ 1931ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಬರೆದ. ನಮ್ಮ ತಂತಿ ಓದಿಕೊಂಡು ನಮ್ಮನ್ನು ಆರಕ್ಕಿಳಿಸಿದರು ಎಂಬುದು ಜಪಾನಿನಲ್ಲಿ ಮನೆಮಾತಾಯಿತು. ಕೋಟೆಯ ಖಾತರಿಗೆ ಬದಲಾಗಿ ಆರನ್ನು ಒಪ್ಪಿದ್ದು ಯಾರಿಗೂ ನೆನಪಾಗಲಿಲ್ಲ. ಹತ್ತು ವರ್ಷ ಹಿಂದಿನ ವ್ಯವಹಾರ ಈಗ ಮೋಸವಾಗಿ ಕಂಡಿತು, ಮೋಸಕ್ಕೆ ಮೋಸ ಎಂಬ ಸಮಜಾಯಿಷಿ ಸಿದ್ಧವಾಯಿತು. 1934ರ ಡಿಸೆಂಬರ್ 29ರಂದು ಜಪಾನು ಒಪ್ಪಂದ ಬಿಡುವ ನೋಟಿಸು ಕೊಟ್ಟಿತು.

ಕ್ರೂಸರುಗಳಿಗೂ ಒಟ್ಟು ಮಿತಿ ಹಾಕಿದ 1930ರ ಲಂಡನ್ ಒಪ್ಪಂದಕ್ಕೆ ತಕ್ಕಂತೆ ಜಪಾನು ‘ಮೊಗಾಮಿ’ ಕ್ರೂಸರನ್ನು 8,500 ಟನ್ ಎಂದು ಘೋಷಿಸಿತು. ನಿಜದ ವಿನ್ಯಾಸದ ತೂಕವೇ ಅದಕ್ಕಿಂತ ಸುಮಾರು ಸಾವಿರ ಟನ್ ಹೆಚ್ಚು, ಕಟ್ಟಿ ಮುಗಿಸಿದಾಗ ಅದಕ್ಕೂ ಹೆಚ್ಚು. ತೂಕ ಉಳಿಸಲು ರಿವೆಟ್ ಬಿಟ್ಟು ಬೆಸುಗೆ ಹಾಕಿ ತೆಳುವಾಗಿ ಕಟ್ಟಿದ ಹಡಗು 1935ರ ಸೆಪ್ಟೆಂಬರಿನ ತೂಫಾನಿನಲ್ಲಿ ಸಿಕ್ಕಿ ಮೈ ಸಡಿಲಿಸಿಕೊಂಡಿತು. ಮತ್ತೆ ಬಿಗಿದು ಕಟ್ಟುವಾಗ ತೂಕ ಇನ್ನೂ ಏರಿತು. ‘ಹಗುರ ಕ್ರೂಸರ್’ ಎಂಬ ಹೆಸರಿಗಾಗಿ ಅದಕ್ಕೆ ಕೂರಿಸಿದ್ದು 6.1 ಅಂಗುಲದ ಹದಿನೈದು ತೋಪು, ಐದು ಗೋಪುರಗಳಲ್ಲಿ ಮೂರು ಮೂರರಂತೆ. ಒಪ್ಪಂದದ ಹಂಗು ತೀರಿದ ಮೇಲೆ, 1939ರ ಹೊತ್ತಿಗೆ, ಅದೇ ಜಾಗಗಳಿಗೆ 8 ಅಂಗುಲದ ಜೋಡಿ ತೋಪಿನ ಗೋಪುರಗಳು ಬಂದವು. ಹೊಸ ನಳಿಗೆಗಳು ಉದ್ದ. ಎರಡನೇ ಗೋಪುರವನ್ನು ಮುಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಅದರ ನಳಿಗೆಗಳು ಮುಂದಿನ ಗೋಪುರಕ್ಕೆ ತಾಗುತ್ತಿದ್ದವು. ಹಾಗಾಗಿ ಸುಮ್ಮನೆ ನಿಂತಾಗಲೂ ಅವನ್ನು ಸ್ವಲ್ಪ ಮೇಲಕ್ಕೆತ್ತಿಯೇ ಇಡಬೇಕಾಗುತ್ತಿತ್ತು.